ಬಾಸ್ಟನ್‌ಗೆ ಅಪ್ಪ ಅಮ್ಮ ಬಂದರೆ ಲೈಬ್ರರಿ ತೋರಿಸಿ

ಊರಿಂದ ಅಪ್ಪ ಅಮ್ಮ ಬರುತ್ತಾರೆ. ಮೊದಲ ವಾರ ಸುತ್ತಾಟ. ಆಮೇಲೆ ನಾವು ಕೆಲಸಕ್ಕೆ ಹೋಗುತ್ತೇವೆ, ಅವರು ಕಿಟಕಿ ಪಕ್ಕ ಕೂತು ದಾರಿ ಕಾಯುತ್ತಾರೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಒಂದು ಶನಿವಾರ ಅಮ್ಮನನ್ನು ಕಾಪ್ಲಿ ಸ್ಕ್ವೇರ್‌ನ ಬಾಸ್ಟನ್ ಪಬ್ಲಿಕ್ ಲೈಬ್ರರಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಮೆಲ್ಲಗೆ ಕೇಳಿದಳು, "ಟಿಕೆಟ್ ಎಷ್ಟು?"

ಟಿಕೆಟ್ ಇಲ್ಲ. ಬಾಗಿಲ ಮೇಲೆ ಕಲ್ಲಿನಲ್ಲೇ ಕೆತ್ತಿದ್ದಾರೆ, 'ಫ್ರೀ ಟು ಆಲ್' ಅಂತ. 1848ರಲ್ಲಿ ಶುರುವಾದ ಲೈಬ್ರರಿ ಇದು, ಈ ಕಟ್ಟಡ 1895ರದು. ಒಳಗೆ ಕೂತು ಓದಲು ಕಾರ್ಡ್ ಬೇಡ, ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ಮಹಡಿಯ ಬೇಟ್ಸ್ ಹಾಲ್‌ನಲ್ಲಿ ಉದ್ದನೆಯ ಮರದ ಮೇಜುಗಳು, ಸಾಲಾಗಿ ಹಸಿರು ದೀಪಗಳು, ತಲೆಯ ಮೇಲೆ ಕಮಾನಿನ ಚಾವಣಿ. ಅಮ್ಮ ತಂದಿದ್ದ ಕನ್ನಡ ಕಾದಂಬರಿ ತೆಗೆದಳು. ಎರಡು ಗಂಟೆ ಏಳಲಿಲ್ಲ. ಆಮೇಲೆ ಕೆಳಗೆ ತೆರೆದ ಅಂಗಳದಲ್ಲಿ ಕಾರಂಜಿ ನೋಡುತ್ತಾ ಕೂತೆವು. ಅವಳು ಇಲ್ಲಿಗೆ ಬಂದಮೇಲೆ ಅಷ್ಟು ನಿರಾಳವಾಗಿದ್ದದ್ದು ನಾನು ನೋಡಿದ್ದು ಅವತ್ತೇ.

ಪುಸ್ತಕ ಮನೆಗೆ ತರಲು ಕಾರ್ಡ್ ಬೇಕು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಾಸವಿದ್ದರೆ ಸಾಕು, ಉಚಿತವಾಗಿ ಕೊಡುತ್ತಾರೆ. ಪಾಸ್‌ಪೋರ್ಟ್ ಜೊತೆ ವಿಳಾಸ ತೋರಿಸುವ ಬಾಡಿಗೆ ಕರಾರೋ ಬಿಲ್ಲೋ ಇಟ್ಟುಕೊಳ್ಳಿ. ಇಲ್ಲಿನ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಬರುವ ತನಕ ಕಾಯಬೇಡಿ. ಡಿಪಾಸಿಟ್ ಕೂಡ ಇಲ್ಲ. 2021ರಿಂದ ತಡವಾದರೂ ದಂಡವಿಲ್ಲ, ಆದರೆ ಪುಸ್ತಕ ಕಳೆದರೆ ಅದರ ಬೆಲೆ ಕಟ್ಟಬೇಕು.

ಇಷ್ಟೆಲ್ಲ ಹೇಗೆ ಸಾಧ್ಯ? ಹೆಚ್ಚಿನ ದುಡ್ಡು ನಗರಸಭೆಯದು, ಅದರ ದೊಡ್ಡ ಆದಾಯ ಆಸ್ತಿ ತೆರಿಗೆ. ನೀವು ಕಟ್ಟುವ ಬಾಡಿಗೆಯಲ್ಲೂ ಅದರ ಪಾಲು ಇದ್ದೇ ಇರುತ್ತದೆ, ಅಲ್ವಾ? ನಮ್ಮ ಕರ್ನಾಟಕದಲ್ಲೂ ಆಸ್ತಿ ತೆರಿಗೆ ಜೊತೆ ಶೇಕಡಾ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಹಾಗಾಗಿ ಇಲ್ಲಿ ಸಂಕೋಚ ಬೇಡ.

ಕನ್ನಡ ಪುಸ್ತಕ ಬೇಕಾದರೆ 'ಇಂಟರ್‌ಲೈಬ್ರರಿ ಲೋನ್' ಕೇಳಿ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಪುಸ್ತಕಗಳ ಒಳ್ಳೆಯ ಸಂಗ್ರಹವಿದೆ. ಅಲ್ಲಿಂದ ತರಿಸಿಕೊಡಬಹುದು. ಇಂಗ್ಲಿಷ್ ಮಾತಾಡಲು ಹಿಂಜರಿಯುವವರಿಗೆ ಮಾತುಕತೆಯ ಗುಂಪುಗಳಿವೆ, ಮಕ್ಕಳಿಗೆ ಕಥೆ ಹೇಳುವ ಹೊತ್ತಿದೆ.

ದಿನಾ ಕಾಪ್ಲಿಗೆ ಹೋಗಬೇಕಿಲ್ಲ. ಮನೆ ಹತ್ತಿರದ ಶಾಖೆಗೆ ಒಂದೆರಡು ಸಲ ಜೊತೆಗೆ ಹೋಗಿ, ದಾರಿ ತೋರಿಸಿ. ಮೂರನೇ ಸಲ ನಮ್ಮಮ್ಮ ಒಬ್ಬಳೇ ಹೋಗಿ ಬಂದಳು. ಕೈಯಲ್ಲಿ ಮೊಮ್ಮಗನಿಗೆಂದು ಎರಡು ಚಿತ್ರಪುಸ್ತಕ.