ಕೋಕೋ ಪುಡಿ: ಕೊಳ್ಳುವಾಗ ಮತ್ತು ಬಳಸುವಾಗ ಗಮನಿಸಬೇಕಾದದ್ದು

ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವ ಕೋಕೋ ಗಿಡ ನಮ್ಮ ಚನ್ನಗಿರಿ, ಹೊಳಲ್ಕೆರೆ ಕಡೆಯ ಬೆಳೆಗಾರರಿಗೆ ಅಪರಿಚಿತವಲ್ಲ. ಆದರೂ ಅದರ ಪುಡಿಯನ್ನು ನಾವು ಮಕ್ಕಳ ಹುಟ್ಟುಹಬ್ಬದ ಕೇಕಿಗಷ್ಟೇ ಮೀಸಲಿಟ್ಟಿದ್ದೇವೆ.

ದಾವಣಗೆರೆಯ ಅಂಗಡಿಗಳಲ್ಲಿ ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ದಯವಿಟ್ಟು ಓದಿರಿ. ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಮುದ್ರಿಸುವುದರಿಂದ, ಸಕ್ಕರೆಯ ಹೆಸರು ಮೊದಲಿದ್ದರೆ ಅದರಲ್ಲಿ ಕೋಕೋಗಿಂತ ಸಕ್ಕರೆಯೇ ಹೆಚ್ಚು ಎಂದರ್ಥ. ರಕ್ತನಾಳಗಳು ಸಡಿಲವಾಗಿ ಹಿಗ್ಗಲು ನೆರವಾಗುವ ಫ್ಲಾವನಾಲ್‌ಗಳು ಕೋಕೋದಲ್ಲಿವೆ. ಕಹಿ ತಗ್ಗಿಸಲೆಂದು ಕ್ಷಾರದಿಂದ ಸಂಸ್ಕರಿಸಿದ ಕಡುಗಪ್ಪು ಪುಡಿಯಲ್ಲಿ ಇವು ಬಹುಮಟ್ಟಿಗೆ ನಷ್ಟವಾಗಿರುತ್ತವೆ. ಆದ್ದರಿಂದ ತಿಳಿ ಕಂದು ಬಣ್ಣದ, ಸಕ್ಕರೆರಹಿತ ಪುಡಿಯೇ ಮೇಲು. ಹಾಗೆಂದು ಅದನ್ನು ಬಿಪಿ ಮಾತ್ರೆಗೆ ಬದಲಿಯೆಂದು ಯಾರೂ ಭಾವಿಸಬಾರದು.

ಬಳಕೆಗೆ ನನ್ನ ಮೆಚ್ಚಿನ ವಿಧಾನ ರಾಗಿ ಮಾಲ್ಟ್. ಒಂದು ಟೀ ಚಮಚ ಪುಡಿಯನ್ನು ನೇರವಾಗಿ ಹಾಲಿಗೆ ಸುರಿದರೆ ಗಂಟುಗಂಟಾಗಿ ಮೇಲೆ ತೇಲುತ್ತದೆ. ಮೊದಲು ಎರಡು ಚಮಚ ಬಿಸಿನೀರಿನಲ್ಲಿ ಹೊಳಪು ಬರುವವರೆಗೆ ಕಲಸಿ, ಆಮೇಲೆ ಕುದಿಯುವ ಮಾಲ್ಟಿಗೆ ಬೆರೆಸಿ, ಸ್ವಲ್ಪ ಬೆಲ್ಲ ಹಾಕಿದರೆ ಕಹಿ ಹಿತವಾಗುತ್ತದೆ.

ಕಬ್ಬಿಣಾಂಶದ ಮಾತ್ರೆ ಸೇವಿಸುವವರು ಅದರ ಜೊತೆಗೇ ಇದನ್ನು ಕುಡಿಯಬಾರದು, ಏಕೆಂದರೆ ಕೋಕೋ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. ಕೆಫೀನ್ ಇರುವುದರಿಂದ ರಾತ್ರಿಗಿಂತ ಬೆಳಿಗ್ಗೆ ಸೂಕ್ತ. ತೋಟದ ಮನೆಯಲ್ಲಿ ನಾಯಿ ಸಾಕಿರುವವರು ಪುಡಿಯನ್ನೂ ಬೀಜವನ್ನೂ ಅದಕ್ಕೆ ಎಟುಕದಂತೆ ಇಡಿರಿ; ಕೋಕೋದಲ್ಲಿನ ಥಿಯೋಬ್ರೊಮಿನ್ ನಾಯಿಗಳಿಗೆ ವಿಷ.