ಬೀಸುಕಲ್ಲು ಹೊತ್ತೊಯ್ದವರು ಯಾರು?

ನಮ್ಮ ಶಾಲೆಯ ಹತ್ತನೇ ತರಗತಿಯ ಮಕ್ಕಳು ಹಲಗಲಿ ಬೇಡರ ಲಾವಣಿ ಓದುತ್ತಿದ್ದ ಕಾಲ ಅದು. 1857ರಲ್ಲಿ ಹತಾರ ಒಪ್ಪಿಸದ ಹಲಗಲಿ ಊರಿನ ಮೇಲೆ ಕಂಪನಿ ಸರ್ಕಾರದ ದಂಡು ಬಂದ ಕಥೆಯ ಹಾಡು. ದಂಡಿನವರು ಹಲಗಲಿಯಿಂದ ಏನೇನು ದೋಚಿದರು ಅನ್ನುವುದು ಪರೀಕ್ಷೆಗೆ ಬರಬಹುದಾದ ಪ್ರಶ್ನೆ. ಹಾಗಾಗಿ ಮಕ್ಕಳಿಗೆ ಆ ಪಟ್ಟಿ ಬಾಯಿಪಾಠ. ಕೊಡಲಿ, ಕುಡ, ಕಬ್ಬಿಣದಿಂದ ಶುರುವಾಗಿ ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ, ಆಮೇಲೆ ಗಂಗಾಳ, ಚೆರಗಿ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಪಕ್ಕದ ಕೋಣೆಯಿಂದ ಈ ಪಟ್ಟಿ ಕೇಳಿ ಕೇಳಿ ಒಂದು ದಿನ ತಡೆಯಲಾರದೆ ಒಳಗೆ ಹೋಗಿ ಕೇಳಿದೆ: ‘ಬೀಸುಕಲ್ಲು ಎಷ್ಟು ಭಾರ ಇರುತ್ತದೆ? ಅದನ್ನು ಹೊತ್ತೊಯ್ದವರು ಯಾರು? ಯಾಕೆ?’

ಒಬ್ಬರೂ ಮಾತಾಡಲಿಲ್ಲ. ಅಷ್ಟು ಸಲ ಆ ಪದ ಹೇಳಿದ್ದರೂ ಅದು ಕಲ್ಲು ಅನ್ನುವುದೇ ಅವರಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಇಷ್ಟು ವರ್ಷ 1857 ಅಂದರೆ ನಾನು ಹೇಳುತ್ತಿದ್ದುದು ಇಸವಿ, ನಾಯಕರ ಹೆಸರು, ಕಾರಣಗಳು, ಪರಿಣಾಮಗಳು. ಆ ಊರಿನಲ್ಲಿ ಆವತ್ತು ಬೆಳಿಗ್ಗೆ ಯಾರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು ಅಂತ ಯಾವ ಮಗುವೂ ಕೇಳಿರಲಿಲ್ಲ, ನಾನೂ ಕೇಳಿಸಿರಲಿಲ್ಲ.

ಮುಂದಿನ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಕೆಲಸ ಶುರು ಮಾಡಿದೆ. ವಿಷಯ ಒಂದೇ: 1857ರಲ್ಲಿ ನಮ್ಮ ಈ ಸೀಮೆಯ ಜನ ಹೇಗೆ ಬದುಕುತ್ತಿದ್ದರು, ಸಂಗ್ರಾಮ ಅವರ ಮನೆಯೊಳಗೆ ಹೇಗೆ ಬಂತು. ಹಲಗಲಿ ಇಂದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿದೆ. ಅಂದು ಅದು ಘೋರ್ಪಡೆಯವರ ಮುಧೋಳ ಸಂಸ್ಥಾನದ ಹಳ್ಳಿ. ಉತ್ತರದಲ್ಲಿ ಸಿಪಾಯಿಗಳು ತಿರುಗಿಬಿದ್ದ ಮೇಲೆ ಕಂಪನಿ ಸರ್ಕಾರ ಜನರ ಕೈಯಲ್ಲಿದ್ದ ಹತಾರಗಳನ್ನು ಕಿತ್ತುಕೊಳ್ಳಲು ಕಾಯ್ದೆ ತಂದಿತು. ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಹನುಮ, ಬಾಲ, ಜಡಗ, ರಾಮ ಮುಂದೆ ನಿಂತರು. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಂನ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಇದಕ್ಕಿಂತ ಒಳಗೆ ಹೋಗುವುದು ಹೇಗೆ ಅನ್ನುವುದೇ ನಮ್ಮ ಕೆಲಸವಾಗಿತ್ತು.

ಮೊದಲ ವಾರ ಒಂದು ಪುಟದ ಬರಹ ಬರೆಸಿದೆ. ‘ಜಡಗನ ಮನೆಯಲ್ಲಿ ಒಂದು ಬೆಳಗು’. ಓದಿದರೆ, ಹೆಚ್ಚುಕಡಿಮೆ ಎಲ್ಲರ ಜಡಗನೂ ಎದ್ದ ಕೂಡಲೇ ಚಹಾ ಕುಡಿದಿದ್ದ. ಕಡ್ಡಿಪೆಟ್ಟಿಗೆಯಿಂದ ಒಲೆ ಹೊತ್ತಿಸಿದ್ದ. ನಾನು ತಪ್ಪು ತಿದ್ದಲಿಲ್ಲ. ‘ನಿಮ್ಮ ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ, ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ಗೆರೆ ಹಾಕಿಕೊಂಡು ಬನ್ನಿ’ ಅಂದೆ. ಮರುದಿನ ಹಾಳೆಗಳ ತುಂಬ ಗೆರೆ. ಚಹಾ ಊರಿಗೆ ಬಂದದ್ದು ತಮ್ಮ ಕಾಲಕ್ಕೆ ಅಂದರಂತೆ ಅಜ್ಜಂದಿರು. ಕಡ್ಡಿಪೆಟ್ಟಿಗೆಗೆ ಮೊದಲು ಚಕಮಕಿ ಇತ್ತು, ಇಲ್ಲವೇ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದರು. ದೀಪಕ್ಕೆ ಕುಸುಬಿ ಎಣ್ಣೆ, ಔಡಲ ಎಣ್ಣೆ. ಸೀಮೆಎಣ್ಣೆ ಎಷ್ಟೋ ಆಮೇಲಿನ ಮಾತು. ಒಂದು ಹುಡುಗಿ ಬರೆದುಕೊಂಡು ಬಂದಿದ್ದಳು: ‘ಕೆಂಡ ಕೊಡದ ಮನೆಯವರ ಜೊತೆ ನಮ್ಮ ಅಜ್ಜಿಯ ಅತ್ತೆ ಮಾತು ಬಿಟ್ಟಿದ್ದರು.’ ಆ ಒಂದು ವಾಕ್ಯಕ್ಕೆ ನಾನು ಅವಳಿಗೆ ಎಲ್ಲರ ಮುಂದೆ ಚಪ್ಪಾಳೆ ಹೊಡೆಸಿದೆ. ಬೆಂಕಿ ಇಡಲು ಬಂದ ದಂಡಿನ ಕಥೆ ಹೇಳುವ ಮುಂಚೆ, ಬೆಂಕಿ ಕೇಳಿಕೊಂಡು ಹೋಗುತ್ತಿದ್ದ ಓಣಿ ಗೊತ್ತಿರಬೇಕು.

ಆಧಾರಗಳು ನಮಗೆ ಮೂರು ಕಡೆಯಿಂದ ಬಂದವು. ಒಂದು ಲಾವಣಿ. ಎರಡು, 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ಬಿಜಾಪುರ ಸಂಪುಟ. ಮೂರು, ಊರಿನ ಹಿರಿಯರು ಮತ್ತು ಊರಿನ ನೆಲ.

ಗೆಜೆಟಿಯರ್ ಇಂಗ್ಲಿಷಿನಲ್ಲಿದೆ. ನಾನೇ ರಾತ್ರಿ ಕೂತು ಬೇಕಾದ ಪುಟಗಳನ್ನು ಕನ್ನಡಕ್ಕೆ ಮಾಡಿಕೊಂಡು ಹೋಗುತ್ತಿದ್ದೆ. ಯಾವ ಜನ ಎಂಥ ಮನೆಯಲ್ಲಿದ್ದರು, ಏನು ಉಣ್ಣುತ್ತಿದ್ದರು, ಏನು ತೊಡುತ್ತಿದ್ದರು ಅನ್ನುವ ವಿವರ ಅದರಲ್ಲಿ ಧಾರಾಳವಾಗಿದೆ. ಆದರೆ ಮಕ್ಕಳಿಗೆ ಮೊದಲೇ ಎರಡು ಮಾತು ಹೇಳಿದ್ದೆ. ಇದು ಆಳುವವರು ಬರೆಸಿದ್ದು. ಬಂದೂಕು ಕೊಡದವನು ಅದರಲ್ಲಿ ಎಂದೂ ಒಳ್ಳೆಯವನಾಗಿ ಕಾಣುವುದಿಲ್ಲ. ಮತ್ತೆ, ಇದು ಹಲಗಲಿ ಸುಟ್ಟ 27 ವರ್ಷದ ಮೇಲಿನದು. ನಡುವೆ 1876-78ರ ದೊಡ್ಡ ಬರ ಹಾದುಹೋಗಿದೆ. ಬರದ ಮೊದಲಿನ ಊಟವೂ ಬರದ ಆಮೇಲಿನ ಊಟವೂ ಒಂದೇ ಅಲ್ಲ.

ಈ ಎರಡನೇ ಎಚ್ಚರಿಕೆ ಮುಂದೆ ನಮ್ಮನ್ನೇ ಕಾಪಾಡಿತು. ಹಿರಿಯರ ಮಾತು ಕೇಳಲು ಹೋದ ಗುಂಪೊಂದು ಬಹಳ ಸಂಭ್ರಮದಿಂದ ಬಂತು. ‘ಸರ್, ಗಲಾಟೆ ಕಾಲದಲ್ಲಿ ಜನ ಕಾಡಿನ ಗಡ್ಡೆಗೆಣಸು, ಹುಲ್ಲಿನ ಬೀಜ ತಿಂದು ಬದುಕಿದರಂತೆ!’ ಎಲ್ಲರೂ ಬರೆದುಕೊಂಡರು. ಬರೆದ ಮೇಲೆ ಒಬ್ಬ ಹುಡುಗ ಮೆಲ್ಲಗೆ ಕೇಳಿದ: ‘ಆದರೆ ಸರ್, ಆ ಅಜ್ಜಿ ಮಳೆ ಬರಲಿಲ್ಲ ಅಂದರಲ್ಲ?’ ಮತ್ತೆ ಹೋಗಿ ಕೇಳಿಸಿದೆ. ಹೌದು, ಆ ಕಥೆಯಲ್ಲಿ ಬಾವಿ ಬತ್ತಿತ್ತು, ದನಗಳು ಸತ್ತಿದ್ದವು. ಅದು ಬರದ ನೆನಪು, ಸಂಗ್ರಾಮದ್ದಲ್ಲ. ತಲೆಮಾರುಗಳು ಕಳೆದ ಹಾಗೆ ಎರಡು ಕಷ್ಟಗಳು ಒಂದರೊಳಗೊಂದು ಸೇರಿಹೋಗಿದ್ದವು. ಆ ಪುಟವನ್ನು ಮಕ್ಕಳು ಹರಿಯಲಿಲ್ಲ, ಬೇರೆ ಕಡತಕ್ಕೆ ಹಾಕಿ ಮೇಲೆ ‘ಬರ’ ಅಂತ ಬರೆದರು. ಅಂದಿನಿಂದ ಯಾವ ನೆನಪು ಬಂದರೂ ಅದರೊಳಗೆ ಮಳೆ, ಬೆಳೆ, ಹಬ್ಬದ ಸುಳಿವು ಇದೆಯಾ ಅಂತ ನೋಡುವುದು ಅವರಿಗೆ ರೂಢಿಯಾಯಿತು.

ನನ್ನಿಂದ ಆದ ಒಂದು ದೊಡ್ಡ ತಪ್ಪನ್ನೂ ಇಲ್ಲೇ ಹೇಳಬೇಕು. ಪ್ರಶ್ನೆಗಳನ್ನು ನಾನೇ ಬರೆದುಕೊಟ್ಟಿದ್ದೆ. ಅದರಲ್ಲಿ ‘ದಂಗೆಯ ಬಗ್ಗೆ ನಿಮ್ಮ ಮನೆತನದವರು ಏನು ಹೇಳುತ್ತಿದ್ದರು?’ ಅಂತ ಒಂದು. ಮಗು ಅದನ್ನು ಹಾಗೇ ಓದಿದಾಗ ಒಬ್ಬ ಹಿರಿಯರು ಮುಖ ಗಂಟಿಕ್ಕಿ ಎದ್ದು ಒಳಗೆ ಹೋದರು. ಮಕ್ಕಳು ಅಂಗಳದಲ್ಲೇ ನಿಂತರು. ಸಂಜೆ ನಾನು ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ತಮ್ಮವರು ದಂಗೆ ಎಬ್ಬಿಸಲು ಯಾರ ಊರಿಗೂ ಹೋಗಿರಲಿಲ್ಲ, ಅವರ ಊರಿಗೇ ದಂಡು ಬಂದಿತ್ತು ಅಂತಷ್ಟೇ ಹೇಳಿದರು. ನಾನು ಹದಿನೈದು ವರ್ಷ ಪಾಠ ಮಾಡಿದ ಪದ ಅದು. ಮರುದಿನವೇ ಪ್ರಶ್ನೆಪಟ್ಟಿ ಹರಿದು ಹಾಕಿ ಮಕ್ಕಳ ಕೈಯಲ್ಲೇ ಹೊಸದು ಬರೆಸಿದೆ. ಅದರಲ್ಲಿ ಮೊದಲ ಪ್ರಶ್ನೆ, ‘ನಿಮ್ಮ ಮನೆಯಲ್ಲಿ ಇರುವ ಅತಿ ಹಳೆಯ ವಸ್ತು ಯಾವುದು, ಮುಟ್ಟಿ ನೋಡಬಹುದಾ?’

ಈ ಪ್ರಶ್ನೆ ಬಾಗಿಲು ತೆರೆಸಿತು. ಒಂದು ಮನೆಯಲ್ಲಿ ಹಗೇವು ತೋರಿಸಿದರು. ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೋದಂತೆ ಗಡಿಗೆಯ ಹಾಗೆ ಅಗಲ. ಒಳಗೋಡೆಗೆ ಹುಲ್ಲು ಹೊದಿಸಿ, ಜೋಳ ಸುರಿದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಬಳಿಯುತ್ತಿದ್ದರು. ಈಗ ಅದು ಖಾಲಿ, ಅರ್ಧ ಮಣ್ಣು ತುಂಬಿದೆ. ಮನೆಯ ಹಿರಿಯಮ್ಮ ಮಕ್ಕಳನ್ನು ಅಂಚಿನಿಂದ ಹಿಂದೆ ಸರಿಸಿ ಹೇಳಿದರು: ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸಾಯುತ್ತಿದ್ದರು. ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

ಬರುವಾಗ ಮಕ್ಕಳು ದಾರಿಯುದ್ದಕ್ಕೂ ವಾದ ಮಾಡಿದರು. ಲಾವಣಿಯ ಪಟ್ಟಿಯಲ್ಲಿ ಜೋಳ ಯಾಕಿಲ್ಲ? ಅಕ್ಕಿ ಇದೆ, ಸಕ್ಕರೆ ಇದೆ, ನಿತ್ಯ ಉಣ್ಣುವ ಜೋಳವೇ ಇಲ್ಲ. ‘ಜೋಳ ನೆಲದೊಳಗಿತ್ತು, ದಂಡಿಗೆ ಸಿಗಲಿಲ್ಲ’ ಅಂತ ಒಬ್ಬ. ‘ಇರಬಹುದು, ಆದರೆ ಲಾವಣಿಕಾರ ಪ್ರಾಸಕ್ಕೆ ಬಿಟ್ಟಿರಲೂಬಹುದು’ ಅಂತ ಇನ್ನೊಬ್ಬಳು. ನಾನು ತೀರ್ಪು ಕೊಡಲಿಲ್ಲ. ಎರಡನ್ನೂ ‘ಊಹೆ’ ಅಂತ ತಲೆಬರಹ ಕೊಟ್ಟು ಬರೆಸಿದೆ. ಹದಿನಾಲ್ಕರ ಮಕ್ಕಳು ಊಹೆಯನ್ನೂ ಸತ್ಯವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಲು ಕಲಿತರೆ ಅದಕ್ಕಿಂತ ಹೆಚ್ಚಿನದನ್ನು ನಾನು ಇತಿಹಾಸದ ಪಾಠದಿಂದ ಬಯಸುವುದಿಲ್ಲ.

ಬೀಸುಕಲ್ಲಿನ ಪ್ರಶ್ನೆಗೆ ಬರುತ್ತೇನೆ. ಒಂದು ಹಳೆಯ ಬೀಸುಕಲ್ಲನ್ನು ಶಾಲೆಗೆ ತರಿಸಿದೆವು. ಇಬ್ಬರು ಹುಡುಗರು ಏದುಸಿರು ಬಿಡುತ್ತ ತಂದರು. ಒಂದು ಹಿಡಿ ಜೋಳ ಹಾಕಿ ಸರದಿಯ ಮೇಲೆ ಬೀಸಿದೆವು. ಐದು ನಿಮಿಷಕ್ಕೆ ಕೈ ಸೋತವು, ಹಿಟ್ಟು ತರಿತರಿ. ಕೆಲವು ಹುಡುಗರು ಇದನ್ನು ಸೈನಿಕ ಯಾಕೆ ಹೊರುತ್ತಾನೆ, ಕವಿ ಸುಮ್ಮನೆ ಸೇರಿಸಿದ್ದಾನೆ ಅಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಇಡೀ ಕೆಲಸದಲ್ಲಿ ಅಷ್ಟಾಗಿ ಮಾತಾಡದವಳು, ಎದ್ದು ನಿಂತು ಹೇಳಿದಳು: ‘ಜೋಳ ಉಳಿದರೂ ಕಲ್ಲು ಇಲ್ಲದಿದ್ದರೆ ನಾಳೆ ರೊಟ್ಟಿ ಇಲ್ಲ ಸರ್. ಅವರು ಹೊತ್ತೊಯ್ದರೋ ಒಡೆದು ಹಾಕಿದರೋ, ಮನೆಯ ಹೆಂಗಸಿಗೆ ಕಲ್ಲು ಹೋಯಿತು ಅಷ್ಟೇ.’ ಪಟ್ಟಿಯನ್ನು ಮತ್ತೆ ಓದಿದೆವು. ಕೊಡಲಿ, ಕುಡ ಹೋದರೆ ಹೊಲದ ಕೆಲಸ ನಿಂತಿತು. ಗಂಗಾಳ, ಚೆರಗಿ ಹೋದರೆ ಉಣ್ಣಲು, ನೀರು ಕುಡಿಯಲು ಪಾತ್ರೆ ಇಲ್ಲ. ಮಂಗಳಸೂತ್ರ ಕೊರಳಿನಿಂದ ಹೋದದ್ದು. ಕಸಿದುಕೊಳ್ಳಲು ಬಂದದ್ದು ಹತಾರ, ಪಟ್ಟಿಯಲ್ಲಿರುವುದು ಮಾತ್ರ ಸಂಸಾರ. ಇಡೀ ಲಾವಣಿಯಲ್ಲಿ ಹೆಣ್ಣುಮಕ್ಕಳು ಕಾಣುವುದು ಈ ಸಾಮಾನುಗಳ ಹಿಂದೆಯೇ ಅಂತ ಮಕ್ಕಳೇ ಕಂಡುಕೊಂಡರು.

ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲಿ ಈ ಸೀಮೆಯ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದ. ಸರ್ಕಾರದ ನೌಕರನೇ ಸರ್ಕಾರದ ವಿರುದ್ಧದ ಹಾಡು ಉಳಿಸಿದ್ದು ಮಕ್ಕಳಿಗೆ ದೊಡ್ಡ ಸೋಜಿಗವಾಯಿತು. ಅದರ ಚರ್ಚೆಗೇ ಒಂದು ಶನಿವಾರ ಹೋಯಿತು.

ನರಗುಂದಕ್ಕೂ ಒಂದು ದಿನ ಹೋಗಿ ಬಂದೆವು. ದತ್ತು ಮಗನನ್ನು ಕಂಪನಿ ಒಪ್ಪದ್ದರಿಂದ ಸಿಡಿದ ಅಲ್ಲಿನ ಸಂಸ್ಥಾನಿಕ ಭಾಸ್ಕರರಾವ್ ಭಾವೆ, 1858ರ ಮೇ 29ರಂದು ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನ ಹತ್ಯೆ, ಜೂನ್ 12ರಂದು ಬೆಳಗಾವಿಯಲ್ಲಿ ಭಾಸ್ಕರರಾವ್‌ಗೆ ಗಲ್ಲು. ಅದೇ ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯ ಹೋರಾಡುತ್ತ ಮಡಿದಿದ್ದ. ಗುಡ್ಡ ಹತ್ತಿದೆವು, ಅಗಸಿ ನೋಡಿದೆವು. ಆದರೆ ನಮ್ಮ ಕೆಲಸಕ್ಕೆ ಅಲ್ಲಿ ಹೆಚ್ಚು ಸಿಗಲಿಲ್ಲ. ಸಂಸ್ಥಾನಿಕರ ಕಥೆಯಲ್ಲಿ ಅರಮನೆ ಎಷ್ಟು ದೊಡ್ಡದಾಗಿ ನಿಲ್ಲುತ್ತದೆ ಅಂದರೆ ಅದರ ಅಡುಗೆಮನೆಯಲ್ಲಿ ಕೆಲಸ ಮಾಡಿದವರು ಕಾಣುವುದೇ ಇಲ್ಲ. ಮಲಪ್ರಭೆಯಲ್ಲಿ ಪ್ರಾಣ ಕಳೆದುಕೊಂಡ ಭಾಸ್ಕರರಾವ್‌ನ ತಾಯಿ ಮತ್ತು ಹೆಂಡತಿಯ ಕಥೆ ಕೇಳಿ, ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ವಿಚಿತ್ರವಾದ ಪ್ರಶ್ನೆ ತಂದ. ಊರು ಸುಟ್ಟಾಗ ಹೊಲದಲ್ಲಿ ಏನಿತ್ತು? ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಕೊಯ್ಲು ಫೆಬ್ರುವರಿ ಹೊತ್ತಿಗೆ. ಅಂದರೆ ನವೆಂಬರ್ ಕೊನೆಗೆ ಜೋಳ ಹಸಿರಾಗಿ ನಿಂತಿರಬೇಕು, ತೆನೆ ಇನ್ನೂ ಕಟ್ಟಿರಲಿಕ್ಕಿಲ್ಲ. ಓಡಿಹೋದವರಿಗೆ ಕೊಯ್ದುಕೊಂಡು ಹೋಗಲು ಏನೂ ಇರಲಿಲ್ಲ, ಬಿಟ್ಟುಹೋಗಲು ಮನಸ್ಸೂ ಬಂದಿರಲಿಕ್ಕಿಲ್ಲ. ‘ಹಾಗಾದರೆ ಎಳ್ಳಮವಾಸ್ಯೆ ಯಾವಾಗ ಬಂದಿತ್ತು?’ ಅಂತ ಕೇಳಿದ. ನಾನು ಯೋಚಿಸಿಯೇ ಇರಲಿಲ್ಲ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಗಳು ಹೆಚ್ಚುಕಡಿಮೆ ಅದೇ ದಿನಾಂಕಕ್ಕೆ ಮರಳುತ್ತವೆ ಅನ್ನುವ ಲೆಕ್ಕ ಹಿಡಿದು, 2009ರ ಪಂಚಾಂಗದಿಂದ ಹಿಂದಕ್ಕೆ ಎಣಿಸಿದೆವು. ಎಂಟು ಸಲ ಹತ್ತೊಂಬತ್ತು ಕಳೆದರೆ ಸರಿಯಾಗಿ 1857. ಎಳ್ಳಮವಾಸ್ಯೆ ಡಿಸೆಂಬರ್ 16ರ ಆಸುಪಾಸಿಗೆ ಬಿತ್ತು. ಹಲಗಲಿಯಲ್ಲಿ ಗಲ್ಲಿಗೇರಿಸಿದ ಎರಡು ದಿನಕ್ಕೆ.

ಕಪ್ಪು ಹಲಗೆಯ ಮೇಲೆ 14 ಮತ್ತು 16 ಅಂತ ಎರಡು ಅಂಕಿ ಬರೆದು ಸೀಮೆಸುಣ್ಣ ಕೆಳಗಿಟ್ಟೆ. ಎಳ್ಳಮವಾಸ್ಯೆ ಅಂದರೆ ಏನೆಂದು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಭೂತಾಯಿಗೆ ಎಡೆ ಚೆಲ್ಲುವ ದಿನ.

ಆ ವರ್ಷದ ಬರಹಗಳಲ್ಲಿ ‘ಜಡಗನ ಮನೆಯಲ್ಲಿ ಒಂದು ಬೆಳಗು’ ಮತ್ತೆ ಬರೆಸಿದಾಗ ಚಹಾ ಇರಲಿಲ್ಲ. ಹಿಂದಿನ ಬೆಂಚಿನ ಆ ಹುಡುಗಿ ಮಾತ್ರ ಜಡಗನನ್ನೇ ಬಿಟ್ಟಿದ್ದಳು. ಸುಟ್ಟ ಊರಿಗೆ ಎಳ್ಳಮವಾಸ್ಯೆಯ ದಿನ ಮರಳಿ ಬಂದ ಒಬ್ಬಳು ಹೆಂಗಸು, ಹಗೇವಿನ ಬಾಯಿಯ ಮೇಲಿನ ಬೂದಿ ಸರಿಸಿ ಚಪ್ಪಡಿ ಎತ್ತಿ, ಹಗ್ಗಕ್ಕೆ ದೀಪ ಕಟ್ಟುತ್ತಾಳೆ. ಬೆಂಕಿ ಕೇಳಲು ಯಾವ ಮನೆಗೆ ಹೋಗಬೇಕೋ ಅವಳಿಗೆ ತಿಳಿಯುವುದಿಲ್ಲ. ಬರಹದ ಮೇಲೆ ಅವಳೇ ದೊಡ್ಡ ಅಕ್ಷರದಲ್ಲಿ ‘ಊಹೆ’ ಅಂತ ಬರೆದುಕೊಂಡಿದ್ದಳು.