ಕಾಮಾಲೆಗೆ ‘ಮೂರೇ ದಿನದ ಮದ್ದು’: ನಂಬುವ ಮುನ್ನ ಪರೀಕ್ಷಿಸುವುದು ಹೇಗೆ?

ಕುಡಿಯುವ ನೀರು ಕೆಟ್ಟ ಊರಿನಲ್ಲಿ ನಾಲ್ಕಾರು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡರೆ, ಅದರ ಬೆನ್ನಿಗೇ ‘ಬರಿಹೊಟ್ಟೆಗೆ ಮದ್ದು ಕೊಡುತ್ತಾರೆ, ಮೂರೇ ದಿನಕ್ಕೆ ಇಳಿಯುತ್ತದೆ’ ಎಂಬ ಮಾತು ಬಾಯಿಂದ ಬಾಯಿಗೂ ವಾಟ್ಸ್‌ಆ್ಯಪ್‌ನಲ್ಲೂ ಹರಡುತ್ತದೆ. ಹೇಳುವವರು ನೆಂಟರೋ ನೆರೆಯವರೋ ಆಗಿದ್ದು, ನಮ್ಮ ಒಳಿತನ್ನೇ ಬಯಸಿರುತ್ತಾರೆ. ಅವರ ಮನಸ್ಸು ನೋಯಿಸದೆ ಮಾತನ್ನಷ್ಟೇ ಒರೆಗೆ ಹಚ್ಚಲು ಸಾಧ್ಯವಿದೆ.

ಮೊದಲು, ಮದ್ದು ಯಾವ ಕಾಯಿಲೆಗೆ ಎಂದು ಕೇಳಿ. ಕಾಮಾಲೆ ಒಂದು ಲಕ್ಷಣ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಪಿತ್ತದ ಮೂಲಕ ಹೊರಹಾಕುತ್ತದೆ. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಕಣ್ಣು ಹಳದಿಯಾಗುತ್ತದೆ. ಕಾರಣ ವೈರಸ್ ಇರಬಹುದು, ಮದ್ಯಪಾನ ಇರಬಹುದು, ಪಿತ್ತನಾಳಕ್ಕೆ ಸಿಕ್ಕಿಕೊಂಡ ಕಲ್ಲು ಅಥವಾ ಮೇದೋಜೀರಕ ಗ್ರಂಥಿಯ ಗಡ್ಡೆಯೂ ಇರಬಹುದು. ಇಷ್ಟಕ್ಕೂ ಒಂದೇ ಸೊಪ್ಪಿನ ರಸ ಸಾಕೆನ್ನುವವರು ಕಾರಣವನ್ನು ಹುಡುಕಿಯೇ ಇಲ್ಲ.

ಎರಡನೆಯ ಪ್ರಶ್ನೆಯೇ ಬಹಳ ಮುಖ್ಯ: ಮದ್ದು ಕುಡಿಯದಿದ್ದರೆ ಏನಾಗುತ್ತಿತ್ತು? ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಎಂಬ ಯಕೃತ್ತಿನ ವೈರಸ್ ಸೋಂಕುಗಳು ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಕಣ್ಣು ಪೂರ್ತಿ ಹಳದಿಯಾದ ಮೇಲೆ, ಅಂದರೆ ಕಾಯಿಲೆ ಇಳಿಮುಖವಾಗುವ ಹೊತ್ತಿಗೆ, ಮದ್ದಿಗಾಗಿ ಬಸ್ಸು ಹತ್ತುತ್ತೇವೆ. ಇಳಿದದ್ದರ ಹೆಸರು ಮದ್ದಿಗೆ ಸಲ್ಲುತ್ತದೆ. ಗುಣವಾದವರು ಊರಿಗೆಲ್ಲ ಹೇಳುತ್ತಾರೆ, ಗುಣವಾಗದೆ ದೊಡ್ಡಾಸ್ಪತ್ರೆ ಸೇರಿದವರು ಮದ್ದು ಕೊಟ್ಟವರ ಬಳಿಗೆ ಲೆಕ್ಕ ಒಪ್ಪಿಸಲು ಮರಳುವುದಿಲ್ಲ. ‘ನೂರಾರು ಜನರಿಗೆ ವಾಸಿಯಾಗಿದೆ’ ಎಂಬ ಮಾತು ನಿಜವಾಗಿದ್ದೂ ಏನನ್ನೂ ಸಾಬೀತುಪಡಿಸದಿರುವುದು ಹೀಗೆ.

ಕಣ್ಣಾರೆ ಕಂಡ ಸಾಕ್ಷಿಯನ್ನೂ ಪರೀಕ್ಷಿಸಬೇಕು. ಕೆಲವೆಡೆ ರೋಗಿಯ ಕೈಗೆ ಏನನ್ನೋ ಸವರಿ ಸುಣ್ಣದ ತಿಳಿನೀರಿನಲ್ಲಿ ತೊಳೆಸುತ್ತಾರೆ. ಬಟ್ಟಲಿನ ನೀರು ಹಳದಿಯಾಗುತ್ತದೆ; ಕಾಮಾಲೆಯೇ ಇಳಿದು ಬಂತೆಂದು ಮನೆಯವರು ಕೈಮುಗಿಯುತ್ತಾರೆ. ಮಾವಿನ ತೊಗಟೆಯ ರಸ ಸುಣ್ಣದ ನೀರಿಗೆ ಸೇರಿದರೆ ಬರುವ ಬಣ್ಣವದು. ಆರೋಗ್ಯವಾಗಿರುವ ಒಬ್ಬರ ಕೈಯನ್ನೂ ಹಾಗೆಯೇ ತೊಳೆಸಿ ನೋಡಿ. ನೀರು ಅಷ್ಟೇ ಹಳದಿಯಾಗುತ್ತದೆ. ಹೀಗೆ ಹೋಲಿಸಿ ನೋಡುವುದೇ ವೈದ್ಯಕೀಯ ಸಂಶೋಧನೆಯ ತಳಹದಿ.

‘ಸಂಶೋಧನೆಯಾಗಿದೆ’ ಎಂದರೆ, ಮತ್ತೊಮ್ಮೆ ಮಾಡಿದಾಗಲೂ ಅದೇ ಫಲ ಬಂತೇ ಎಂದು ವಿಚಾರಿಸಿ. ಕಾಮಾಲೆಯ ನಾಟಿ ಮದ್ದಾದ ನೆಲನೆಲ್ಲಿ ಗಿಡದ ಕಥೆ ಇಲ್ಲಿ ನೆನಪಿಡತಕ್ಕದ್ದು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಉಳಿದುಕೊಂಡಿದ್ದ 37 ಜನ ಈ ಗಿಡದ ಪುಡಿ ಸೇವಿಸಿದಾಗ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು. ಆಸೆ ಹುಟ್ಟಿಸುವ ಫಲಿತಾಂಶವೇ ಹೌದು. ಆದರೆ ಮುಂದೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ. ನಮ್ಮ ಮೊಬೈಲಿಗೆ ಬರುವ ಸಂದೇಶ ಸಾಮಾನ್ಯವಾಗಿ ಮೊದಲರ್ಧವನ್ನಷ್ಟೇ ಹೇಳುತ್ತದೆ.

ಜಾಹೀರಾತು ನೀಡಿ ಮಾರುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಧುಮೇಹ, ಕ್ಯಾನ್ಸರ್, ಪಿತ್ತಕೋಶದ ಕಲ್ಲು ವಾಸಿಮಾಡುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ.

ಕೊನೆಯದಾಗಿ, ಕಾಯುವುದರಿಂದ ಆಗುವ ನಷ್ಟವನ್ನು ಅಳೆಯಿರಿ. ಕಣ್ಣು ಹಳದಿಯಾದ ದಿನವೇ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸುವುದು ಕ್ಷೇಮ. ರೋಗಿ ತಬ್ಬಿಬ್ಬಾಗಿ ಮಾತನಾಡಿದರೆ, ಹಗಲೆಲ್ಲ ಮಂಪರಿನಲ್ಲಿದ್ದರೆ, ವಾಂತಿ ನಿಲ್ಲದಿದ್ದರೆ, ರಕ್ತ ಸೋರಿದರೆ ಒಂದು ಗಳಿಗೆಯೂ ತಡಮಾಡಬಾರದು. ತುಂಬು ಗರ್ಭಿಣಿಗೆ ಹೆಪಟೈಟಿಸ್ ಇ ಪ್ರಾಣಕ್ಕೇ ಎರವಾಗಬಲ್ಲದು. ನವಜಾತ ಶಿಶುವಿನಲ್ಲಿ ಬಿಲಿರುಬಿನ್ ಮಿತಿಮೀರಿದರೆ ಮಿದುಳಿಗೆ ಹಾನಿಯಾಗುತ್ತದೆ. ಉಪ್ಪು, ಎಣ್ಣೆ ಬಿಡಿಸಿ ವಾರಗಟ್ಟಲೆ ಬರಿ ಗಂಜಿಯಲ್ಲಿಡುವ ಪಥ್ಯವೂ ಬೇಡ; ಸೊರಗಿದ ದೇಹಕ್ಕೆ ಊಟ ಬೇಕು. ಈಗಾಗಲೇ ನಾಟಿ ಮದ್ದು ಕುಡಿದಾಗಿದ್ದರೆ ಬೈಯುತ್ತಾರೆಂದು ವೈದ್ಯರಿಂದ ಮುಚ್ಚಿಡದೆ, ಉಳಿದ ಎಲೆಯನ್ನೋ ಪುಡಿಯ ಪೊಟ್ಟಣವನ್ನೋ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.